ರಾಮಲಿಂಗಯ್ಯ ಓಡಿಸದ ರೀಲು

"ಇದು ಆ ಸಿನಿಮಾ ಅಲ್ಲ ಕಣವ್ವ," ಎಂದು ದೊಡ್ಡಲಕ್ಷ್ಮಮ್ಮ ಮೊಬೈಲನ್ನು ಮೊಮ್ಮಗಳ ಕೈಗೆ ತುರುಕಿದಳು. "ಬೇರೆ ಯಾವ್ದೋ ಹಾಕಿದ್ದೀಯ."

"ಅದೇ ಅಜ್ಜಿ. ತಾತ ಹೇಳ್ತಿದ್ದದ್ದು ಇದೇ," ಎಂದಳು ಅಮೂಲ್ಯ.

ತೀರಿಕೊಂಡಿದ್ದ ಗಂಡ ರಾಮಲಿಂಗಯ್ಯನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಮಗಳು ಪ್ರತಿಮಾ ಬರುವ ಬಸ್ಸು ಇನ್ನೂ ಕೋಡಿಹಳ್ಳಿ ಮುಟ್ಟಿರಲಿಲ್ಲ. ಹೆಣದ ಮುಂದೆ ಸಿನಿಮಾವೇ ಎಂದು ಕೆಲವರು ಮೂತಿ ತಿರುವಿದರು. ಕನಕಪುರದ ಟಾಕೀಸಿನಲ್ಲಿ ಮೂವತ್ತು ವರ್ಷ ರೀಲು ಓಡಿಸುವ ಆಪರೇಟರಾಗಿದ್ದವನ ಮುಂದೆ ಇನ್ನೇನು ಹಾಕಬೇಕಿತ್ತೋ ಅವರೇ ಹೇಳಬೇಕು.

ಕೆರೆಗೆ ಬಿದ್ದು ಸತ್ತ ಹೆಂಡತಿ ಹುಣ್ಣಿಮೆಗೊಮ್ಮೆ ಗಂಡನನ್ನು ನೋಡಲು ಬರುವ ಕತೆ ಅದು. ಅತ್ತೆ ಟಾಕೀಸಿಗೆ ಕಳಿಸದ ಕಾರಣ ದೊಡ್ಡಲಕ್ಷ್ಮಮ್ಮ ಅದನ್ನು ನೋಡಿರಲಿಲ್ಲ. ಗಂಡನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅವನು ಹೇಳಿದ್ದರಲ್ಲಿ ದೇವಿ ಜೀವ ಕೊಡುತ್ತಾಳೆ, ಹೆಂಡತಿ ಮನೆಯಲ್ಲೇ ಉಳಿಯುತ್ತಾಳೆ. ಮೊಬೈಲಿನಲ್ಲಿ ಅವಳು ಅಳುತ್ತಾ ನೀರಿಗಿಳಿದು ಹೋಗಿಬಿಟ್ಟಳು.

"ಅದು ಕೊನೇ ರೀಲು ಅಕ್ಕ," ಎಂದ ಪಕ್ಕದಲ್ಲಿ ಕೂತಿದ್ದ ಶುಕೂರ್. ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. "ನಮ್ಮಲ್ಲಿ ಓಡುಸ್ತಿರ್ಲಿಲ್ಲ. ಕೋಡಿಹಳ್ಳಿ ಲಾಸ್ಟ್ ಬಸ್ ಹೊಂಟೋಗದು. ಗಂಡ ಹೆಂಡ್ತಿ ಒಂದಾಗೋ ತಾವ್ಕೇ ರಾಮಲಿಂಗಯ್ಯ ಲೈಟ್ ಹಾಕ್ಬುಡನು."

"ಹಂಗಾರೆ ಅವ್ರಿಗೂ ಗೊತ್ತಿರ್ಲಿಲ್ಲ."

"ಗೊತ್ತಿತ್ತು ಅಕ್ಕ. ರೀಲಿನ ಪೆಟ್ಟಿಗೆ ಬಂದ ದಿನ ಇಬ್ರೂ ಕೂತು ಪೂರ್ತಿ ನೋಡಿದ್ವಿ."

ದೊಡ್ಡಲಕ್ಷ್ಮಮ್ಮ ಗಂಡನ ಮುಖದ ಕಡೆ ತಿರುಗಿದಳು.

*

ಚೊಚ್ಚಲ ಹೆರಿಗೆಯಲ್ಲಿ ಅವಳಿಗೆ ಎಚ್ಚರ ತಪ್ಪಿತ್ತು. ಎಚ್ಚರವಾದಾಗ ಮಗುವಿರಲಿಲ್ಲ, ರಾಮಲಿಂಗಯ್ಯನೂ ಶುಕೂರನೂ ಮಣ್ಣು ಮಾಡಿ ಬಂದಿದ್ದರು. ಹುಟ್ಟಿದ ಮಗು ಹಸಿದುಕೊಂಡೇ ಹೋಯಿತಲ್ಲ ಎಂದು ಅವಳು ಎಂಟು ದಿನ ಅನ್ನ ಮುಟ್ಟಲಿಲ್ಲ. ಎದೆಹಾಲು ಕಟ್ಟಿ ಜ್ವರ ಬಂದಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ರಾಮಲಿಂಗಯ್ಯ ಪಕ್ಕದಲ್ಲಿ ಕೂತು ಆ ಸಿನಿಮಾದ ಕತೆ ಹೇಳಿದ.

"ಉಳ್ಕಂಡ್ಲಾ ಅವ್ಳು?" ಎಂದು ಕೇಳಿದ್ದಳು.

"ಉಳ್ಕಂಡ್ಲು. ಇನ್ನೊಂದ್ ಮಾತು ಕಣೆ. ನಮ್ ಮಗಾನೂ ಹಸ್ಕಂಡು ಹೋಗ್ಲಿಲ್ಲ. ನರ್ಸಮ್ಮ ಕೊಟ್ಟ ಹಾಲಲ್ಲಿ ನಾನೇ ಬಟ್ಟೆ ಅದ್ದಿ ಬಾಯ್ಗೆ ಬುಟ್ಟೆ. ಚೀಪ್ತು."

ಅವತ್ತು ಅವಳು ಅರ್ಧ ಮುದ್ದೆ ಉಂಡಳು.

*

"ಸಾಬ್ರೇ," ಎಂದಳು ದೊಡ್ಡಲಕ್ಷ್ಮಮ್ಮ. "ನನ್ ಮಗ ಹಾಲು ಕುಡೀತಾ?"

ಶುಕೂರ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಅವ್ರ ಎದ್ರುಗೇ ಕೇಳ್ತಾವ್ನಿ. ನೀವಾದ್ರೂ ನಿಜ ಹೇಳಿ."

"ಉಸ್ರೇ ಇರ್ಲಿಲ್ಲ ಅಕ್ಕ. ಹುಟ್ಟಿದಾಗ್ಲೇ ಇರ್ಲಿಲ್ಲ."

ಅವಳು ಅಳಲಿಲ್ಲ. ಗಂಡನ ಮೇಲೆ ಸಿಟ್ಟು ನೆತ್ತಿಗೇರಿತು. ನಲವತ್ತೈದು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು, ಒಂದು ದಿನವೂ ಬಾಯಿ ಬಿಡಲಿಲ್ಲ. "ಒಬ್ರೇ ಹೊತ್ಕಂಡಿದ್ರಾ ಇಷ್ಟ್ ದಿನ?" ಎಂದು ಹೆಣವನ್ನು ಗದರಿಸಿದಳು. ಅಮೂಲ್ಯ ಹೆದರಿ ಅಜ್ಜಿಯ ಸೆರಗು ಹಿಡಿದುಕೊಂಡಳು.

ಪ್ರತಿಮಾ ಬಂದಳು, ಅತ್ತಳು. ಬಾಯಿಗೆ ಹಾಲು ಬಿಡುವ ಹೊತ್ತಾಯಿತು. ಎಲ್ಲರೂ ತುಳಸಿ ಎಲೆಯಲ್ಲಿ ಒಂದೊಂದು ತೊಟ್ಟು ಬಿಟ್ಟರು. ಕೊನೆಗೆ ದೊಡ್ಡಲಕ್ಷ್ಮಮ್ಮ ಎಲೆ ಬಿಸಾಡಿ ಲೋಟವನ್ನೇ ಎತ್ತಿಕೊಂಡಳು.

"ಸಾಕು ಕಣವ್ವ," ಎಂದರು ಯಾರೋ.

"ಆ ಮಗೀಗೂ ತಕೊಂಡೋಗಿ," ಎಂದು ಅವಳು ಗಂಡನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಲೋಟವನ್ನು ಪೂರ್ತಿ ಬಗ್ಗಿಸಿದಳು. ಹಾಲು ಗಲ್ಲದ ಮೇಲೆ ಹರಿದು, ಕತ್ತಿಗಿಳಿದು, ಬಿಳಿ ಬಟ್ಟೆಯನ್ನು ಎದೆಯವರೆಗೂ ತೋಯಿಸಿತು. ಯಾರೂ ಒರೆಸಲು ಹೋಗಲಿಲ್ಲ.