ಮರಿಯಯ್ಯನವರು ಕಟ್ಟಿದ ಗೋಡೆ

ಉದಯಗಿರಿಯಲ್ಲಿ ಯಾರಾದರೂ ಕೈಯಲ್ಲಿ ಯಂತ್ರ ಹಿಡಿದು ಬೀದಿ ನೋಡುತ್ತಾ ನಡೆದರೆ ಜನರಿಗೆ ಬರುವ ಯೋಚನೆ ಒಂದೇ: ರಸ್ತೆ ಅಗಲ ಮಾಡುತ್ತಾರೆ, ಮನೆಯ ಮುಂಭಾಗ ಹೋಯಿತು. 2009ರಲ್ಲಿ ಒಂದು ಬೆಳಿಗ್ಗೆ ಸ್ಕೂಟರ್ ಮೆಕ್ಯಾನಿಕ್ ಮರಿಯಯ್ಯನವರಿಗೂ ಹಾಗೇ ಅನ್ನಿಸಿತು.

ನಡೆದ ದಾರಿಯನ್ನು ಗುರುತಿಸಿಕೊಳ್ಳುವ ಜಿಪಿಎಸ್ ಯಂತ್ರ ಹಿಡಿದು ಬಂದವಳು ಯಾದವಗಿರಿಯ ಅಕ್ಷತಾ, ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನಂಥ ಹತ್ತಾರು ಜನ ಸೇರಿ ರಜಾದಿನ ಬೀದಿ ಸುತ್ತಿ, ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುವ ನಕ್ಷೆ ಬರೆಯುತ್ತಿದ್ದೇವೆ, ಇದು ಸರ್ಕಾರದ ಕೆಲಸವಲ್ಲ, ಸಂಬಳವೂ ಇಲ್ಲ ಎಂದಳು. ಸಂಬಳವಿಲ್ಲದೆ ಬಿಸಿಲಲ್ಲಿ ಯಾರು ಸುತ್ತುತ್ತಾರೆ? ಮರಿಯಯ್ಯ ನಂಬಲಿಲ್ಲ. ಗಲ್ಲಿ ಮುಂದಕ್ಕೆ ಹೋಗುತ್ತದೆಯೇ ಎಂದು ಅವಳು ಕೇಳಿದಳು.

"ಇಲ್ಲ ಕಣಮ್ಮ. ಮುಂದೆ ಗೋಡೆ ಕಟ್ಬುಟ್ಟವ್ರೆ."

ಗಲ್ಲಿಯ ತಿರುವಿನಾಚೆ ಗೋಡೆ ಇರಲೇ ಇಲ್ಲ. ಇದ್ದದ್ದು ಹದಿನಾಲ್ಕು ಮನೆ, ಅದರಲ್ಲಿ ಅವರದೂ ಒಂದು. ದಣಿದಿದ್ದ ಅಕ್ಷತಾ ಹೇಳಿದ್ದನ್ನೇ ಬರೆದುಕೊಂಡು ಹೋದಳು. ಮನೆ ಉಳಿಸಿದೆ ಎಂಬ ಖುಷಿಗೆ ಮರಿಯಯ್ಯ ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡರು.

ತಿಂಗಳು ಕಳೆಯಿತು. ಪೋಲಿಯೊ ಭಾನುವಾರ ಒಂದು ವರ್ಷದ ಮೊಮ್ಮಗಳು ಗೌತಮಿಯನ್ನು ಬೂತಿಗೆ ಕರೆದೊಯ್ಯಲು ಆಗಲಿಲ್ಲ. ಹನಿ ಹಾಕುವವರು ಮನೆಗೇ ಬರುತ್ತಾರೆಂದು ಅಜ್ಜಿ ಬಸವಮ್ಮ ಎರಡು ದಿನ ಕಾದರು. ಯಾರೂ ಬರಲಿಲ್ಲ. ಆಸ್ಪತ್ರೆಗೆ ಹೋಗಿ ಕೇಳಿದರೆ ನರ್ಸಮ್ಮ, ಹನಿ ಹಾಕುವವರಿಗೆ ಮನೆ ಹಂಚಲು ಬಳಸಿದ್ದ, ಅಕ್ಷತಾಳ ಗುಂಪು ಬರೆದ ಹೊಸ ನಕ್ಷೆಯ ಹಾಳೆ ತೋರಿಸಿದರು. ಗಲ್ಲಿ ತಿರುವಿನಲ್ಲೇ ಮುಗಿದಿತ್ತು. ಆಚೆಯ ಮನೆಗಳು ಯಾರ ಪಾಲಿಗೂ ಬಂದಿರಲಿಲ್ಲ.

ಬಸವಮ್ಮ ನೇರ ಅಂಗಡಿಗೆ ಬಂದು ಇದನ್ನು ಹೇಳಿದಾಗ ಮರಿಯಯ್ಯನವರ ಮುಖ ಚಿಕ್ಕದಾಯಿತು.

"ಆ ಗೋಡೆ ಕಟ್ದೋನು ನಾನೇ ಕಣೆ."

ಆಮೇಲೆ ಬಸವಮ್ಮ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ವಿಷಯ ತಿಳಿದ ನರ್ಸಮ್ಮ ಅಕ್ಷತಾಗೆ ಫೋನ್ ಮಾಡಿದರು, ಸಂಜೆಯೇ ಅವಳು ಬಂದಳು. ಬೈಗುಳ ತಿನ್ನಲು ಮರಿಯಯ್ಯ ತಯಾರಾಗಿದ್ದರು. ಅವಳು ಬೈಯಲಿಲ್ಲ. ಹೋಗಿ ನೋಡದೆ ಬರೆದದ್ದು ತನ್ನ ತಪ್ಪೂ ಹೌದು ಎಂದಳು. ಇಬ್ಬರೂ ಯಂತ್ರ ಹಿಡಿದು ಗಲ್ಲಿಯ ಕೊನೆಯವರೆಗೆ ನಡೆದು, ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತರು. ಅವಳು ಮೌಸನ್ನು ಅವರ ಕೈಗೇ ಕೊಟ್ಟಳು.

"ನಾನು ಮುಟ್ಟುದ್ರೆ ಯಾರೂ ಏನೂ ಅನ್ನಲ್ವಾ?"

"ನಿಮ್ಮ ಗಲ್ಲಿ ನಿಮ್ಮಷ್ಟು ಯಾರಿಗೆ ಗೊತ್ತು ಸರ್? ನೀವು ತಪ್ಪಿದ್ರೆ ಇನ್ನೊಬ್ರು ತಿದ್ತಾರೆ. ಇದು ಎಲ್ಲರೂ ಸೇರಿ ಬರೆಯೋ ನಕ್ಷೆ."

ಮರಿಯಯ್ಯ ಗಲ್ಲಿ ಎಳೆದರು. ಬೀದಿ ನಲ್ಲಿ, ಅಂಗನವಾಡಿ, ಹಿಟ್ಟಿನ ಗಿರಣಿ ಎಲ್ಲ ಸೇರಿಸಿದರು. ಏಳಲು ಮನಸ್ಸೇ ಇರಲಿಲ್ಲ. ಮಾರನೆಯ ದಿನ ನೋಡಿದರೆ, ಯಾವೂರಿನವರೋ ಒಬ್ಬರು ಅವರ ಸೊಟ್ಟ ಗೆರೆಯನ್ನು ನೆಟ್ಟಗೆ ಮಾಡಿದ್ದರು.

ಅದೇ ದಿನ ನರ್ಸಮ್ಮ ಹೊಸ ಹಾಳೆ ಹಿಡಿದು ಬಂದು, ಹದಿನಾಲ್ಕು ಮನೆಗಳ ಒಂಬತ್ತು ಮಕ್ಕಳಿಗೂ ಹನಿ ಹಾಕಿದರು. ಗೌತಮಿ ಉಗುಳದೆ ನುಂಗಿದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಲ್ಲಿ ನಕ್ಷೆಯಲ್ಲಿದೆಯೇ? ಒಮ್ಮೆ ನೋಡಿ. ಇಲ್ಲದಿದ್ದರೆ ಸೇರಿಸಿ, ತಪ್ಪಿದ್ದರೆ ತಿದ್ದಿ. ನಡೆದು ನೋಡಿದ್ದನ್ನು ಮಾತ್ರ ಬರೆಯಿರಿ. ಮನೆಯವರ ಹೆಸರು, ಫೋನ್ ನಂಬರು ಬೇಡ. ದಾರಿ ಕೇಳಿ ಬಂದವರಿಗೆ ನಿಜ ಹೇಳಿ. ನೀವು ಮುಚ್ಚಿಟ್ಟ ದಾರಿಯಾಚೆ ನಿಮ್ಮದೇ ಮಗು ಕಾಯುತ್ತಿರಬಹುದು.