ಸಕ್ಕರೆ ಡಬ್ಬಿ ಮತ್ತು ಕುಣಿಯುವ ಮರಳು

ನಮ್ಮ ಮನೆಯಲ್ಲಿ ನೆಂಟರಿಗೆಂದು ಇಟ್ಟ ಸಕ್ಕರೆ ಡಬ್ಬಿ ದಿನದಿನಕ್ಕೆ ಹಗುರಾಗುತ್ತಿತ್ತು. ಯಜಮಾನರಿಗೆ ಸಕ್ಕರೆ ಕಾಯಿಲೆ. ಬಾಯಿ ಕಟ್ಟದಿದ್ದರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಎದುರಿಗೇ ಹೇಳಿದ್ದರು. ನಾನೂ ಅವರ ಜೊತೆ ಸಕ್ಕರೆ ಬಿಟ್ಟೆನೆಂದು ಸಾರಿಬಿಟ್ಟಿದ್ದೆ. ಹಾಗಿರುವಾಗ ಈ ಮನುಷ್ಯ ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ಕದ್ದು ತಿನ್ನುತ್ತಿದ್ದಾರಲ್ಲ ಎಂದು ಕೋಪ. ಕೋಪಕ್ಕಿಂತ ಹೆಚ್ಚು ಭಯ.

ಅವರು ಜಾಮ್ ಕಾರ್ಖಾನೆಯ ಕೊಳಚೆ ನೀರಿನ ಘಟಕದ ಆಪರೇಟರು. ಬಾಯ್ಲರ್ ಕೆಟ್ಟು ಕಾರ್ಖಾನೆ ಮುಚ್ಚಿತ್ತು. ಆದರೂ ಇವರು ಬೆಳಗಾದರೆ ಹೊರಡುತ್ತಿದ್ದರು. ಅಂದು ಅಂಗಿಯೊಳಗೆ ಪೊಟ್ಟಣ ಬಚ್ಚಿಟ್ಟುಕೊಂಡದ್ದನ್ನು ಕಂಡು, ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ.

ಘಟಕದಲ್ಲಿ ಎರಡಾಳೆತ್ತರದ ತೊಟ್ಟಿಯ ಪಕ್ಕ ನಿಂತು ಬಕೆಟ್ಟಿನಲ್ಲಿ ಸಕ್ಕರೆ ಕದಡುತ್ತಿದ್ದರು.

"ಬಕೆಟ್‌ಗಟ್ಟಲೆ ಕುಡೀತೀರಾ? ನನ್ನ ಗತಿಯೇನು?" ಎಂದು ಕೂಗಿದೆ.

ಬೆಚ್ಚಿದವರು ಆಮೇಲೆ ಬಿದ್ದುಬಿದ್ದು ನಕ್ಕರು. "ನನಗಲ್ಲ ಕಣೇ, ಇವಕ್ಕೆ! ಬಾ, ನೋಡು."

ತೊಟ್ಟಿಯ ಗಾಜಿನ ಕಿಂಡಿಯಲ್ಲಿ ಇಣುಕಿದೆ. ಕೆಳಗಿನಿಂದ ಪಂಪು ನೂಕುವ ನೀರಿಗೆ ಮರಳೆಲ್ಲ ಮೇಲೆದ್ದು, ಕುದಿಯುವ ಎಸರಿನಲ್ಲಿ ಅಕ್ಕಿ ಕುಣಿದ ಹಾಗೆ ಕುಣಿಯುತ್ತಿತ್ತು. ಒಂದೊಂದು ಕಾಳಿನ ಮೈಗೂ ಕಂದು ಲೋಳೆ.

"ಆ ಲೋಳೇಲಿ ಕಣ್ಣಿಗೆ ಕಾಣದ ಜೀವಗಳಿವೆ. ಕೊಳಚೆ ತಿಂದು ನೀರು ತಿಳಿ ಮಾಡ್ತವೆ. ಕಾರ್ಖಾನೆ ಮುಚ್ಚಿದ್ಮೇಲೆ ಇವಕ್ಕೆ ಊಟ ಎಲ್ಲಿಂದ ಬರ್ಬೇಕು? ಸತ್ತರೆ ಮತ್ತೆ ಬೆಳೆಸೋಕೆ ತಿಂಗಳುಗಟ್ಟಲೆ ಆಗುತ್ತೆ. ಕಾರ್ಖಾನೆಯ ಸಕ್ಕರೆ ಗೋದಾಮಿಗೆ ಬೀಗ. ನಾಡಿದ್ದು ಧಣಿ ಬಂದು ತೆಗೀತಾರೆ."

"ನನಗೆ ಹೇಳಬಾರದಿತ್ತಾ?"

"ಹುಳಕ್ಕೆ ಸಕ್ಕರೆ ಅಂದ್ರೆ ನಂಬ್ತಿದ್ಯಾ?"

ಖಂಡಿತ ನಂಬುತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದು, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಅತ್ತೆ. ಅವರು ಪಕ್ಕದಲ್ಲಿ ಕುಳಿತರು.

"ಡಬ್ಬಿ ಖಾಲಿಯಾಯ್ತು. ನಾಳೆ ಒಂದು ದಿನ ಇವಕ್ಕೆ ಉಪವಾಸ," ಎಂದರು. "ಬೇಳೆ ಡಬ್ಬಿ ಹಿಂದೆ ಇರೋ ಸಣ್ಣ ಸಕ್ಕರೆ ಡಬ್ಬೀನ ಮಾತ್ರ ಮುಟ್ಟಲಿಲ್ಲ. ಅದು ನಿನ್ನ ಟೀಗೆ ಅಲ್ವಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಮುಟ್ಟಿಕೊಳ್ಳಲೂ ಪುರುಸೊತ್ತು ಸಿಗಲಿಲ್ಲ. ಇವರಿಗೆ ಸಪ್ಪೆ ಟೀ ಕೊಟ್ಟು, ಅಡುಗೆಮನೆಯಲ್ಲಿ ನಿಂತು ನನ್ನ ಲೋಟಕ್ಕೆ ಎರಡು ಚಮಚ ಸುರಿದುಕೊಳ್ಳುತ್ತಿದ್ದುದು ಇವರಿಗೆ ಮೊದಲಿನಿಂದಲೂ ಗೊತ್ತಿತ್ತು!

ಮಾರನೆಯ ಬೆಳಿಗ್ಗೆ ಆ ಡಬ್ಬಿಯನ್ನು ನಾನೇ ಒಯ್ದು ಬಕೆಟ್ಟಿಗೆ ಬಗ್ಗಿಸಿದೆ.

"ನಿಧಾನ! ಒಟ್ಟಿಗೆ ಹಾಕಿದ್ರೆ ಲೋಳೆ ಊದಿ, ಮರಳು ತೇಲಿ ಹೊರಗೆ ಹೋಗುತ್ತೆ. ನಿನಗೊಂದು ಚಮಚ ಇಟ್ಕೊಳ್ಳೇ."

"ಬೇಡ," ಎಂದು ಫ್ಲಾಸ್ಕಿನಿಂದ ಎರಡು ಲೋಟಕ್ಕೂ ಸಪ್ಪೆ ಟೀ ಬಗ್ಗಿಸಿದೆ. ಒಂದು ಗುಟುಕಿಗೇ ಮುಖ ಕಿವುಚಿಕೊಂಡೆ.

"ಹೇಗಿದೆ?" ಎಂದರು.

"ನಿಮ್ಮ ಕೊಳಚೆ ನೀರಿನ ಹಾಗೇ ಇದೆ. ಪಾಪ, ಇದನ್ನೇ ಕುಡೀತಿದ್ರಾ ಇಷ್ಟು ದಿನ, ಒಬ್ಬರೇ?"

ಅವರು ನಕ್ಕು, ತಮ್ಮ ಲೋಟವನ್ನು ನನ್ನ ಲೋಟದ ಪಕ್ಕಕ್ಕೆ ಸರಿಸಿದರು.