ಕಾವೇರಿಗೆ ಬೇಕಿದ್ದ ಎರಡು ಪಂದ್ಯ

ಹೊರಮಾವಿನ ಮುನಿಆಂಜನಪ್ಪನವರ ಮೂರಂತಸ್ತಿನ ಮನೆಯ ಹಿಂದೆ ಸಾಲಾಗಿ ಶೀಟು ಹೊದಿಸಿದ ಎಂಟು ಬಾಡಿಗೆ ರೂಮುಗಳಿವೆ. ಆರನೆಯದರಲ್ಲಿ ಕಾವೇರಿ ಬೆಳೆದಳು, ಮೂರಂತಸ್ತಿನ ಮನೆಯಲ್ಲಿ ಅವರ ಮಗಳು ಸುಕನ್ಯ ಬೆಳೆದಳು. ಇಬ್ಬರಿಗೂ ಒಂದೇ ವಯಸ್ಸು, ಹೆಚ್ಚುಕಮ್ಮಿ ಒಂದೇ ಎತ್ತರ. ಇಬ್ಬರೂ ಫುಟ್‌ಬಾಲ್ ಹಿಡಿಯಲು ಕಲಿತದ್ದು ಒಂದೇ ಕಬ್ಬಿಣದ ಗೇಟಿನ ಮುಂದೆ. ಅಷ್ಟನ್ನು ಸಮನಾಗಿ ಹಂಚಿದ ದೇವರು ಮಿಕ್ಕಿದ್ದನ್ನೆಲ್ಲ ಒಬ್ಬಳ ಮಡಿಲಿಗೇ ಯಾಕೆ ಸುರಿದ ಎನ್ನುವುದು ಕಾವೇರಿಯ ಹಳೇ ತಕರಾರು. ಇದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಹೊಟ್ಟೆಕಿಚ್ಚು ಎಂದೇ ಹೇಳೋಣ. ಅವಳೂ ತನ್ನೊಳಗೆ ಹಾಗೇ ಕರೆಯುತ್ತಿದ್ದಳು.

ಮರ್ಫಿ ಟೌನ್ ರೇಂಜರ್ಸ್ ಎಂಬ ಹುಡುಗಿಯರ ತಂಡಕ್ಕೆ ಸುಕನ್ಯ ಮೊದಲನೇ ಗೋಲ್‌ಕೀಪರ್, ಕಾವೇರಿ ಎರಡನೆಯವಳು. ಎರಡನೇ ಕೀಪರ್ ಆಗುವುದೆಂದರೆ ಏನು ಎಂದು ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದೆ ಓಡುವವರು ಸುಸ್ತಾಗುತ್ತಾರೆ, ಅವರ ಬದಲಿಗೆ ಬೆಂಚಿನಿಂದ ಇನ್ನೊಬ್ಬರು ಎದ್ದು ಹೋಗುತ್ತಾರೆ. ಕೀಪರ್‌ಗೆ ಸುಸ್ತು ಎಂಬುದಿಲ್ಲ. ಮೊದಲನೆಯವಳು ಬಿದ್ದು ಕೈಯೋ ಕಾಲೋ ಮುರಿದುಕೊಂಡರೆ ಮಾತ್ರ ಎರಡನೆಯವಳಿಗೆ ಯೋಗ. ಸುಕನ್ಯ ಎಷ್ಟು ಸಲ ಬಿದ್ದರೂ ನಗುತ್ತಾ ಮಣ್ಣು ಕೊಡವಿಕೊಂಡು ಏಳುತ್ತಿದ್ದಳು. ಎರಡು ವರ್ಷದಲ್ಲಿ ಕಾವೇರಿ ಒಂದು ನಿಮಿಷವೂ ಆಡಿರಲಿಲ್ಲ. ಇಷ್ಟು ಸಾಲದೆಂಬಂತೆ ಪ್ರಾಕ್ಟೀಸಿಗೆ ಹೋಗಿಬರುವುದೂ ಸುಕನ್ಯಳ ಸ್ಕೂಟರಿನ ಹಿಂದಿನ ಸೀಟಿನಲ್ಲೇ. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ಸುಕನ್ಯ ತೆಗೆದುಕೊಳ್ಳುತ್ತಿರಲಿಲ್ಲ, ಅದಕ್ಕೆ ಕಾವೇರಿಗೆ ಇನ್ನಷ್ಟು ಉರಿಯುತ್ತಿತ್ತು.

ಈ ವರ್ಷ ಜನವರಿಯಲ್ಲಿ ವಿಮಾನಪುರದ ಕಡೆ ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯವರು ಹೊಸದಾಗಿ ಹುಡುಗಿಯರ ತಂಡ ಕಟ್ಟುತ್ತೇವೆಂದು ಹೊರಟರು. ಆರಿಸಿಕೊಂಡವರಿಗೆ ಸ್ಟೋರ್ಸ್‌ನಲ್ಲಿ ಕಾಯಂ ಕೆಲಸ. ಕಂಡೀಷನ್ ಒಂದೇ: ಈ ಸೀಸನ್ನಿನಲ್ಲಿ ಕನಿಷ್ಠ ಎರಡು ಪೂರ್ತಿ ಪಂದ್ಯ ಆಡಿದ್ದು ಲೀಗಿನ ರಿಜಿಸ್ಟರಿನಲ್ಲಿ ಇರಬೇಕು. ಕಾವೇರಿ ಆಗ ಬಾಣಸವಾಡಿಯ ಒಂದು ಗೋದಾಮಿನಲ್ಲಿ ತರಕಾರಿ ತೂಗಿ ಕವರಿಗೆ ತುಂಬುತ್ತಿದ್ದಳು. ಶಹಾಪುರದ ಕಡೆಯಿಂದ ಬಂದ ಅವಳಪ್ಪ ಹಂಪಣ್ಣ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್, ತಾಯಿ ಸಾಬಮ್ಮ ನಾಲ್ಕು ಮನೆಗೆ ರೊಟ್ಟಿ ತಟ್ಟುವವಳು. ಕಾಯಂ ಕೆಲಸ ಎಂಬ ಮಾತನ್ನು ಆ ರೂಮಿನಲ್ಲಿ ಯಾರೂ ತಮ್ಮ ವಿಷಯಕ್ಕೆ ಬಳಸಿದ್ದೇ ಇಲ್ಲ. ಸುಕನ್ಯಳಿಗೋ ಆ ಕೆಲಸ ಬೇಡವೇ ಬೇಡ. ಶಿಫ್ಟಿಗೆಲ್ಲ ಅಪ್ಪ ಕಳಿಸಲ್ಲ ಕಣೇ ಎಂದು ಕಡ್ಲೆಕಾಯಿ ಸಿಪ್ಪೆ ಎಸೆದ ಹಾಗೆ ಹೇಳಿಬಿಟ್ಟಳು. ಬೇಡವೆಂದು ಬಿಸಾಡುವ ಸುಖವೂ ಅವಳಿಗೇ.

ಕಾವೇರಿ ಕೋಚ್ ತಾಹೇರಾ ಮೇಡಂ ಹತ್ತಿರ ಹೋಗಿ ಎರಡೇ ಎರಡು ಪಂದ್ಯ ಕೊಡಿ ಎಂದು ಕೇಳಿದಳು. ತಂಡ ಪಾಯಿಂಟ್ಸಿಗೆ ಒದ್ದಾಡುತ್ತಿರುವಾಗ ಇಂಥ ದಾನಧರ್ಮ ತನ್ನಿಂದ ಆಗದು, ಸುಕನ್ಯ ಇರುವವರೆಗೆ ಸುಕನ್ಯಳೇ ಎಂದರು ಮೇಡಂ. ಅವರದೇನೂ ತಪ್ಪಿಲ್ಲ. ಆದರೆ 'ಸುಕನ್ಯ ಇರುವವರೆಗೆ' ಎಂಬ ಮಾತು ಕಾವೇರಿಯ ತಲೆಯಲ್ಲಿ ಗೂಡು ಕಟ್ಟಿತು.

ಅದೇ ಹೊತ್ತಿಗೆ ಕ್ಲಬ್ಬು ದಿವಾಳಿಯ ಬಾಗಿಲಿಗೆ ಬಂದು ನಿಂತಿತ್ತು. ಕ್ಲಬ್ಬಿನ ಯಜಮಾನರು ಕರೀಂ ಭಾಯಿ, ಶಿವಾಜಿನಗರದಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ. ಜೆರ್ಸಿಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಬಿಲ್ಡರ್ ಅರ್ಧ ಸೀಸನ್ನಿಗೇ ಕೈಯೆತ್ತಿದ್ದ. ಮೂರು ತಿಂಗಳಿಂದ ಹುಡುಗಿಯರಿಗೆ ಸಂಬಳವಿರಲಿಲ್ಲ. ಕರೀಂ ಭಾಯಿ ಎಲ್ಲರನ್ನೂ ಅಂಗಡಿಗೆ ಕರೆಸಿ, ಚಹಾ ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದರು. ಇನ್ನು ನಾಲ್ಕು ಪಂದ್ಯ ಉಳಿದಿವೆ, ಅಲ್ಲಿಯವರೆಗೆ ಯಾರೂ ಲೀಗಿಗೆ ಬರವಣಿಗೆಯಲ್ಲಿ ದೂರು ಕೊಡದಿದ್ದರೆ ಲೀಗಿನವರು ಕಂಡೂ ಕಾಣದ ಹಾಗಿರುತ್ತಾರೆ, ಸೀಸನ್ ಮುಗಿದ ಮೇಲೆ ಅಂಗಡಿಯ ಮೇಲಿನ ಮಾಳಿಗೆ ಮಾರಿಯಾದರೂ ಬಾಕಿ ತೀರಿಸುತ್ತೇನೆ ಎಂದರು. ಹುಡುಗಿಯರು ಒಬ್ಬರ ಕೈ ಮೇಲೊಬ್ಬರು ಕೈಯಿಟ್ಟು ಒಪ್ಪಿದರು. ಕಾವೇರಿಯ ಕೈ ಎಲ್ಲಕ್ಕಿಂತ ಮೇಲಿತ್ತು.

ಆ ಲೀಗಿನ ನಿಯಮಗಳ ಕಥೆಯೇ ಬೇರೆ. ಲೀಗ್ ಶುರುಮಾಡಿದ ನರೇಶ್ ಸರ್ ಹದಿನೈದು ವರ್ಷ ಇಂಗ್ಲೆಂಡಿನಲ್ಲಿ ಇದ್ದು ಬಂದವರು. ಅಲ್ಲಿ ಅವರಿಗೆ ಹುಚ್ಚು ಹಿಡಿಸಿದ್ದು ಟಿವಿಯಲ್ಲಿ ಬರುವ ದೊಡ್ಡ ತಂಡಗಳಲ್ಲ, ಕೆಳಗಿನ ಡಿವಿಷನ್ನಿನಲ್ಲಿ ಏಗುವ ಸಣ್ಣ ಊರುಗಳ ಕ್ಲಬ್ಬುಗಳು. ಅವು ಒಂದಾದ ಮೇಲೊಂದು ದಿವಾಳಿಯಾಗುವುದನ್ನೂ, ಅದಕ್ಕೆ ಅಲ್ಲಿನವರು ವಿಧಿಸುವ ಶಿಕ್ಷೆಯನ್ನೂ ನೋಡಿ, ಆ ಕಾನೂನುಗಳನ್ನೇ ಕನ್ನಡಕ್ಕೆ ಇಳಿಸಿ ಹಲಸೂರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದರು. ಸಾವಿರಾರು ಜನ ಟಿಕೆಟ್ ಕೊಂಡು ನೋಡುವ ಕ್ಲಬ್ಬಿಗೆ ಹೊಲಿದ ಅಂಗಿಯನ್ನು, ನಾಯಿ ಅಡ್ಡ ಬಂದರೆ ಆಟ ನಿಲ್ಲುವ ಮೈದಾನಕ್ಕೆ ತೊಡಿಸಿದ್ದರು. ಯಾರೂ ಓದದ ಆ ಪುಸ್ತಿಕೆಯನ್ನು ಕಾವೇರಿ ಓದಿದಳು. ಹನ್ನೊಂದನೇ ಪುಟದಲ್ಲಿ ಸಿಕ್ಕಿತು: ಎರಡು ತಿಂಗಳು ಸಂಬಳ ಬಾರದ ಆಟಗಾರ್ತಿ ಲೀಗಿಗೆ ಕಾಗದ ಕೊಟ್ಟು, ಏಳು ದಿನದಲ್ಲಿ ಬಾಕಿ ಬಾರದಿದ್ದರೆ, ಬೇರೆ ಕ್ಲಬ್ಬಿಗೆ ಹೋಗಬಹುದು. ಬೇಕಾದ್ದು ಸಿಕ್ಕಿತಲ್ಲ, ಪುಸ್ತಿಕೆ ಮಡಚಿಟ್ಟಳು.

ಮಾರನೇ ದಿನ ಸ್ಕೂಟರಿನ ಹಿಂದೆ ಕೂತು ಮಾತು ತೆಗೆದಳು. ಕೆ.ಆರ್. ಪುರದ ತಂಡದ ಕೀಪರ್ ಮಣಿಕಟ್ಟು ಮುರಿದುಕೊಂಡಿದ್ದಾಳಂತೆ, ಅವರು ಪಂದ್ಯ ಮುಗಿದ ದಿನವೇ ದುಡ್ಡು ಎಣಿಸುತ್ತಾರಂತೆ, ನಿನ್ನಂಥವಳು ಈ ಮುಳುಗುವ ಕ್ಲಬ್ಬಿನಲ್ಲಿ ಯಾಕಿರಬೇಕು ಎಂದೆಲ್ಲ ಗೆಳತಿಯ ಕಾಳಜಿಯ ದನಿಯಲ್ಲಿ ಹೇಳಿದಳು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ ಎನ್ನುವುದೇ ಅವಳಿಗೆ ಸಮಾಧಾನ. ಸುಕನ್ಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದಳು.

"ನಾನು ಹೋದ್ರೆ ಗೋಲಲ್ಲಿ ನೀನೇ ಅಲ್ವಾ?" ಎಂದಳು ಆಮೇಲೆ.

"ಇನ್ಯಾರಿದಾರೆ?" ಎಂದಳು ಕಾವೇರಿ, ಆದಷ್ಟು ಬೇಸರದಿಂದ.

ಸಿಗ್ನಲ್ ಬಿಟ್ಟ ಮೇಲೆ ಸುಕನ್ಯ ಹೇಳಿದಳು, "ಕಾಗದ ನೀನೇ ಬರ್ಕೊಡು. ನನ್ ಕನ್ನಡ ನಿಂಗೆ ಗೊತ್ತಲ್ಲ."

ಕಾವೇರಿಯ ಅಕ್ಷರ ಮುದ್ದು. ಕ್ಲಬ್ಬಿನ ಹಾಜರಿ ಪುಸ್ತಕ ಬರೆಯುವುದೂ ಅವಳೇ. 'ಮೂರು ತಿಂಗಳ ಬಾಕಿಯಿಂದ ಮನನೊಂದು' ಎಂದು ಶುರುಮಾಡಿ, ಒಂದು ಪುಟ ತುಂಬ ಬರೆದುಕೊಟ್ಟಳು. ಆ ರಾತ್ರಿ ಒಳ್ಳೆಯ ನಿದ್ದೆಯೂ ಬಂತು.

ಏಳು ದಿನ ಕಳೆದರೂ ಬಾಕಿ ಬರಲಿಲ್ಲ, ಸುಕನ್ಯ ಕೆ.ಆರ್. ಪುರದ ತಂಡಕ್ಕೆ ಹೋದಳು, ಹೀಗೆ ಕಾವೇರಿಗೆ ಗೋಲಿನ ಜಾಗ ಸಿಕ್ಕಿತು. ಮೊದಲ ಪಂದ್ಯ ಗೋಲಿಲ್ಲದೆ ಸಮ ಆಯಿತು. ಎರಡನೆಯದರಲ್ಲಿ ಅವಳು ಒಂದು ಪೆನಾಲ್ಟಿ ಹಿಡಿದಳು. ಎಡಕ್ಕೆ ಹಾರಿ, ಚೆಂಡನ್ನು ಎದೆಗವಚಿಕೊಂಡು ಬಿದ್ದಾಗ ಮೊಣಕೈ ತರಚಿ ರಕ್ತ ಬಂತು, ಅವಳಿಗೆ ಅದು ಗೊತ್ತಾಗಿದ್ದು ಮನೆಗೆ ಹೋದ ಮೇಲೆ. ಗೆದ್ದು ಹೊರಗೆ ಬರುವಾಗ ಕಾಂಪೌಂಡಿನ ಮೇಲೆ ಕೂತಿದ್ದ ಯಾರೋ, ಥೇಟ್ ಸುಕನ್ಯ ಥರಾನೇ ಆಡ್ತಾಳೆ ಗುರು ಎಂದರು. ಹೊಗಳಿಕೆಯೇ ಅದು. ಕಾವೇರಿಗೆ ಮಾತ್ರ ಬಾಯಲ್ಲಿದ್ದ ನೀರು ಕಹಿಯಾಯಿತು. ಆದರೂ ಎರಡು ಪಂದ್ಯ ಎರಡು ಪಂದ್ಯವೇ. ಮನೆಗೆ ಬಂದು ಕಂಪನಿಯ ಅರ್ಜಿ ತುಂಬಿದಳು.

ಹನ್ನೊಂದನೇ ಪುಟವಾದ ಮೇಲೆ ಹನ್ನೆರಡನೇ ಪುಟವಿರುತ್ತದೆ. ಆಟಗಾರ್ತಿಯ ಕಾಗದಕ್ಕೆ ಏಳು ದಿನದಲ್ಲಿ ದುಡ್ಡು ಕಟ್ಟದ ಕ್ಲಬ್ಬನ್ನು ದಿವಾಳಿಯೆಂದು ಬಗೆದು ಹನ್ನೆರಡು ಪಾಯಿಂಟ್ ಕಡಿಯತಕ್ಕದ್ದು. ಇಪ್ಪತ್ತೊಂದು ದಿನದೊಳಗೆ ಎಲ್ಲರ ಬಾಕಿಗೂ ಗ್ಯಾರಂಟಿ ತೋರಿಸದಿದ್ದರೆ ಕ್ಲಬ್ಬನ್ನು ಹೊರಗೆ ಹಾಕತಕ್ಕದ್ದು. ಹೊರಗೆ ಹಾಕಿದ ಕ್ಲಬ್ಬು ಆ ಸೀಸನ್ನಿನಲ್ಲಿ ಆಡಿದ ಪಂದ್ಯಗಳನ್ನೆಲ್ಲ, ಆಡಿಯೇ ಇಲ್ಲವೆಂಬಂತೆ, ರಿಜಿಸ್ಟರಿನಿಂದ ಹೊಡೆದುಹಾಕತಕ್ಕದ್ದು. ಇಂಗ್ಲೆಂಡಿನಲ್ಲಿ ನೂರು ವರ್ಷ ದಾಟಿದ ಕ್ಲಬ್ಬನ್ನೇ ಹೊರಗೆ ಹಾಕಿದ್ದಾರೆ, ನಮ್ಮದು ಯಾವ ಲೆಕ್ಕ ಎಂದರಂತೆ ನರೇಶ್ ಸರ್. ಕರೀಂ ಭಾಯಿ ಮಾಳಿಗೆಗೆ ಗಿರಾಕಿ ಹುಡುಕುವಷ್ಟರಲ್ಲಿ ಇಪ್ಪತ್ತೊಂದು ದಿನ ಮುಗಿದಿತ್ತು. ರೇಂಜರ್ಸ್ ಹೋಯಿತು. ಅದರ ಜೊತೆ ಕಾವೇರಿ ಗೋಲು ಬಿಡದ ಆಟವೂ, ಹಿಡಿದ ಪೆನಾಲ್ಟಿಯೂ, ಎರಡು ಪಂದ್ಯವೂ ಹೋದವು. ತಾನು ಬರೆದ ಕಾಗದದಿಂದಲೇ ತನ್ನ ಹೆಸರು ಅಳಿಸಿಹೋಯಿತೆಂದು ತಿಳಿದಾಗ ಅವಳು ಗೋದಾಮಿನಲ್ಲಿ ಬೀನ್ಸ್ ತೂಗುತ್ತಿದ್ದಳು. ಅರ್ಧ ಕೆಜಿ ಕವರಿಗೆ ಒಂದು ಕೆಜಿ ತುಂಬಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡಳು.

ಕೊನೆಯ ಸಲ ಎಲ್ಲರೂ ಕರೀಂ ಭಾಯಿಯ ಅಂಗಡಿಯಲ್ಲಿ ಸೇರಿದರು, ಸುಕನ್ಯ ಒಬ್ಬಳನ್ನು ಬಿಟ್ಟು. ಕರೀಂ ಭಾಯಿ ಯಾರನ್ನೂ ದೂರಲಿಲ್ಲ, ಸೈಲೆನ್ಸರುಗಳ ಮಧ್ಯೆ ಸ್ಟೂಲಿನ ಮೇಲೆ ಕೂತು ಗಡ್ಡ ನೀವಿಕೊಳ್ಳುತ್ತಿದ್ದರು. ದೂರಿದ್ದು ಹುಡುಗಿಯರು. ಮೂರಂತಸ್ತಿನ ಮನೆ ಓನರ್ ಮಗಳಿಗೆ ಐದು ಸಾವಿರ ಸಂಬಳಕ್ಕೆ ಗತಿಯಿಲ್ಲದೆ ಹೋಯಿತಾ, ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟು ನಮ್ಮ ಸೀಸನ್ನೇ ತಿಂದುಬಿಟ್ಟಳಲ್ಲ ಎಂದು ಸುಕನ್ಯಳನ್ನು ಬಾಯಿಗೆ ಬಂದಂತೆ ಬೈದರು. ಇಷ್ಟು ವರ್ಷಕ್ಕೆ ಮೊದಲ ಸಲ ಯಾರೋ ಸುಕನ್ಯಳನ್ನು ಬೈಯುತ್ತಿದ್ದರು. ಕಾವೇರಿಗೆ ಒಂದು ಗಳಿಗೆ ಹಿತವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ತಾಹೇರಾ ಮೇಡಂ, ಲೀಗಿನವರು ವಾಪಸ್ ಕೊಟ್ಟ ಆ ಕಾಗದವನ್ನು ಬ್ಯಾಗಿನಿಂದ ತೆಗೆದು, ನೀವೇ ಓದಿ ಎಂದು ಹುಡುಗಿಯರ ಕೈಗೆ ಕೊಟ್ಟರು. ಕಾವೇರಿಯ ಅಕ್ಷರ ಅಲ್ಲಿದ್ದವರಿಗೆಲ್ಲ ಗೊತ್ತು. ಕಾಗದ ಒಬ್ಬೊಬ್ಬರ ಕೈ ದಾಟಿ ಹತ್ತಿರ ಬಂತು, ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಅವಳ ಕೈಗೆ ಬಂದಾಗ ಕಾರಣ ಗೊತ್ತಾಯಿತು. 'ಮನನೊಂದು' ಎಂಬ ಅವಳ ಮಾತು, ಅವಳ ಸಾಲು, ಎಲ್ಲ ಅವಳದೇ. ಆದರೆ ಅಕ್ಷರ ಸೊಟ್ಟ, ಒತ್ತಕ್ಷರವೆಲ್ಲ ಜಾರಿಬಿದ್ದಿದ್ದವು. ಸುಕನ್ಯ ಇಡೀ ಪುಟವನ್ನು ತನ್ನ ಕೈಯಾರೆ ಕಾಪಿ ಮಾಡಿ ಕೊಟ್ಟಿದ್ದಳು.

ಕಾವೇರಿಯ ಅಕ್ಷರ ಯಾರ ಕಣ್ಣಿಗೂ ಬೀಳದಿರಲೆಂದೇ ಹಾಗೆ ಮಾಡಿದ್ದಳು, ಅಂದರೆ ಸುಕನ್ಯಳಿಗೆ ಮೊದಲಿಂದಲೂ ಗೊತ್ತಿತ್ತು. ಕಾವೇರಿ ಯಾಕೆ ಹೇಳುತ್ತಿದ್ದಾಳೆ, ಯಾರಿಗೋಸ್ಕರ ಹೇಳುತ್ತಿದ್ದಾಳೆ ಎಂದು ಗೊತ್ತಿದ್ದೇ ಸೈನ್ ಹಾಕಿದ್ದಳು. ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಅತ್ತು ಕರೆದು ತಪ್ಪೊಪ್ಪಿಕೊಳ್ಳುತ್ತಿದ್ದರೋ ಏನೋ. ಕಾವೇರಿ ಕಾಗದವನ್ನು ಪಕ್ಕದವಳಿಗೆ ದಾಟಿಸಿ ಬಾಯಿ ಮುಚ್ಚಿಕೊಂಡು ಕೂತಳು. ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಎರಡಕ್ಕಿಂತ ಜೋರಾಗಿ ಹಳೇ ಉರಿಯೇ ಎದ್ದಿತ್ತು. ಮನೆ, ಸ್ಕೂಟರ್, ಆಟ ಎಲ್ಲ ಸರಿ, ದೊಡ್ಡ ಮನಸ್ಸೂ ಅವಳಿಗೇ ಬೇಕಾಗಿತ್ತಾ?

ಅವತ್ತು ಸಂಜೆ ಸುಕನ್ಯ ಆರನೇ ರೂಮಿಗೆ ಬಂದಳು. ಸಾಬಮ್ಮ, ಓನರ್ ಮಗಳೆಂದು ಇದ್ದೊಂದು ಕುರ್ಚಿ ಒರೆಸಿ ಹಾಕಿ, "ಕುಂದ್ರವ್ವಾ, ಒಂದೀಟು ಚಾ ಕುಡಿ" ಎಂದು ಸ್ಟೋವ್ ಹಚ್ಚಿದಳು. ರೇಂಜರ್ಸಿನ ಹುಡುಗಿಯರು ಈಗ ಯಾವ ಕ್ಲಬ್ಬಿಗೆ ಬೇಕಾದರೂ ಹೋಗಬಹುದು, ಕೆ.ಆರ್. ಪುರದವರಿಗೆ ಇನ್ನೂ ಎರಡು ಪಂದ್ಯ ಉಳಿದಿವೆ, ಎರಡನೇ ಕೀಪರ್ ಅಂತ ನಿನ್ನ ಹೆಸರು ಹೇಳಿಬಂದಿದ್ದೇನೆ ಎಂದಳು ಸುಕನ್ಯ. ಮತ್ತೆ ಎರಡನೆಯವಳೇ ಎಂದು ಕಾವೇರಿ ಹಲ್ಲು ಕಚ್ಚಿದಳು.

"ನಂಗೆ ಬೆರಳು ನೋವು," ಎಂದಳು ಸುಕನ್ಯ ಬಾಗಿಲ ಕಡೆ ನೋಡುತ್ತಾ. "ಎರಡು ಭಾನುವಾರ ಆಡೋಕಾಗಲ್ಲ. ನೀನೇ ನಿಂತ್ಕೊಬೇಕು."

ಸ್ಟೋವಿನ ಸದ್ದಿನಲ್ಲಿ ಸಾಬಮ್ಮನಿಗೆ ಕೇಳಿಸದ ಹಾಗೆ ಕಾವೇರಿ ಕೇಳಿದಳು, "ಆ ಕಾಗದ ನಾನು ಬರೆದಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ಸೈನ್ ನಂದು ತಾನೇ," ಎಂದಳು ಸುಕನ್ಯ. "ಕರೀಂ ಭಾಯಿ ಕ್ಲಬ್ ಹೋಗತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ ಕಣೇ."

ಬೇಡ ಎಂದುಬಿಡಬೇಕೆಂದು ಕಾವೇರಿಯ ನಾಲಿಗೆಯ ತುದಿಗೆ ಬಂದಿತ್ತು. ರೊಟ್ಟಿ ತಟ್ಟಿ ಅಂಗೈ ಬೆಂದ ತಾಯಿ ಚಹಾ ಸೋಸುತ್ತಿದ್ದಳು. ಕಾವೇರಿ ಹೂಂ ಎಂದಳು.

ಸುಕನ್ಯಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಮೊದಲ ಭಾನುವಾರ ಬಲಗೈ ಬೆರಳಿಗೆ ಬಿಳಿ ಟೇಪ್ ಸುತ್ತಿಕೊಂಡು ಬೆಂಚಿನಲ್ಲಿ ಕೂತಿದ್ದವಳು ಎರಡನೇ ಭಾನುವಾರ ಮರೆತು ಎಡಗೈಗೆ ಸುತ್ತಿಕೊಂಡು ಬಂದಳು. ಯಾರೂ ಗಮನಿಸಲಿಲ್ಲ, ಕಾವೇರಿ ಗಮನಿಸಿದಳು. ಗೋಲಿನಲ್ಲಿ ನಿಂತು, ಆಟ ಆಚೆ ತುದಿಯಲ್ಲಿದ್ದಾಗಲೆಲ್ಲ ಅವಳ ಕಣ್ಣು ಬೆಂಚಿನ ಕಡೆಗೇ ಹೋಗುತ್ತಿತ್ತು. ಇವಳು ಒಂದು ಚೆಂಡು ಹಿಡಿದರೆ ಸಾಕು, ಸುಕನ್ಯ ಎದ್ದು ನಿಂತು, ನೋವೆಂದು ಹೇಳಿದ ಬೆರಳನ್ನೂ ಸೇರಿಸಿ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ಗೋಲು ಬಿಟ್ಟುಕೊಟ್ಟಾಗ, ಹೋಗ್ಲಿ ಬಿಡು ಎಂದು ಕೈಬೀಸಿದಳು.

ಬೆಂಚಿನಲ್ಲಿ ಕೂರುವುದು ಹೇಗೆಂದು ಕಾವೇರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ವರ್ಷ ಕೂತಿದ್ದಳು. ಪ್ರತಿ ಭಾನುವಾರ, ತೊಂಬತ್ತು ನಿಮಿಷವೂ, ಸುಕನ್ಯಳ ಕಾಲು ಉಳುಕಲಿ, ಕೈ ಜಾರಲಿ ಎಂದು ಬೇಡಿಕೊಂಡು ಕೂತಿದ್ದಳು. ಒಂದು ಸಲವೂ ಮನಸಾರೆ ಚಪ್ಪಾಳೆ ತಟ್ಟಿರಲಿಲ್ಲ.

ಪಂದ್ಯ ಮುಗಿದ ಸೀಟಿ ಕೇಳಿತು. ನರೇಶ್ ಸರ್ ಮೇಜಿನ ಮೇಲೆ ರಿಜಿಸ್ಟರ್ ತೆಗೆದು, ಕಾವೇರಿ, ಗೋಲ್‌ಕೀಪರ್, ಪೂರ್ತಿ ಪಂದ್ಯ, ಎರಡು ಎಂದು ಅವಳ ಕಣ್ಣೆದುರೇ ಬರೆದು ಸೈನ್ ಹಾಕಿದರು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಮೈದಾನದ ಆಚೆ ಸುಕನ್ಯ ಯಾರದೋ ನೀರಿನ ಬಾಟಲಿಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಾ, ಏನೋ ಗುನುಗುತ್ತಾ, ಎರಡನೇ ಕೀಪರಿನ ಕೆಲಸ ಮಾಡುತ್ತಿದ್ದಳು. ಅದನ್ನೂ ಅವಳು ತನಗಿಂತ ಚೆನ್ನಾಗಿ ಮಾಡುತ್ತಾಳಲ್ಲ ಎಂದು ಕಾವೇರಿಗೆ ಹೊಟ್ಟೆ ಉರಿಯಿತು.